ಮುಯ್ಯಾಳು ಪಾಠವೋ, ಸಂಬಳದ ಮೇಷ್ಟ್ರೋ? ಮನೆಯಲ್ಲೇ ಕಲಿಯುವ ಮಲೆನಾಡಿನ ಮಕ್ಕಳಿಗೆ ಯಾವುದು ಹೊಂದುತ್ತದೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ನಾಲ್ಕಾರು ಮನೆಯವರು ವಾರಕ್ಕೊಂದು ದಿನ ಒಟ್ಟು ಸೇರಿ ಕಲಿಸುವ ಏರ್ಪಾಡಿಗೆ ಪೇಟೆಯವರು ‘ಹೋಮ್‌ಸ್ಕೂಲ್ ಕೋ-ಆಪ್’ ಎನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಬಂದು ಆ ಹೆಸರು ಹೇಳಿ ನೋಡಿ, ‘ಷೇರು ಎಷ್ಟು, ಡಿವಿಡೆಂಡ್ ಎಷ್ಟು’ ಎಂದು ಕೇಳುತ್ತಾರೆ. ಇಲ್ಲಿ ಕೋ-ಆಪರೇಟಿವ್ ಅಂದರೆ ಅಡಿಕೆ ಸೊಸೈಟಿ, ಅಷ್ಟೇ. ಅತ್ತೆಗೆ ಇದನ್ನು ವಿವರಿಸಲು ಹೋಗಿ ನಾನು ತೊದಲುತ್ತಿದ್ದಾಗ ಅವರೇ ಒಂದು ಮಾತಿನಲ್ಲಿ ಮುಗಿಸಿದರು: ‘ಮುಯ್ಯಾಳು ಅಂತ ಹೇಳು ಮತ್ತೆ.’ ನಮ್ಮ ಗದ್ದೆಯ ನೆಟ್ಟಿಗೆ ನೀವು ಬಂದರೆ ನಿಮ್ಮ ಗದ್ದೆಗೆ ನಾವು ಬರುವುದು. ದುಡ್ಡಿನ ಲೆಕ್ಕ ಇಲ್ಲ, ಆಳಿನ ಲೆಕ್ಕ ಉಂಟು. ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಯಾರೂ ಇಳಿಯುವುದಿಲ್ಲ.

ನಮ್ಮ ಮಕ್ಕಳಿಬ್ಬರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದಾರೆ. ದೊಡ್ಡವಳಿಗೆ 13, ಚಿಕ್ಕವನಿಗೆ 9. ಮನೆಯ ಪಾಠದ ಜೊತೆ ಹೊರಗಿನದೂ ಏನಾದರೂ ಬೇಕು ಅನ್ನಿಸಿದಾಗ ಕಂಡದ್ದು ನಾಲ್ಕು ದಾರಿ. ನಾಲ್ಕೈದು ಮನೆಯವರು ಸರದಿಯ ಮೇಲೆ ಕಲಿಸುವ ಮುಯ್ಯಾಳು ಕೂಟ ಒಂದು. ಅದೇ ಮನೆಗಳು ದುಡ್ಡು ಹಾಕಿ ಮೇಷ್ಟ್ರೊಬ್ಬರನ್ನು ಕರೆಸುವುದು ಇನ್ನೊಂದು. ನಮ್ಮ ಮನೆಗಷ್ಟೇ ಟ್ಯೂಷನ್ ಅಥವಾ ಆನ್‌ಲೈನ್ ತರಗತಿ ಮೂರನೆಯದು. ಊರಲ್ಲಿ ಮೊದಲಿಂದ ನಡೆಯುತ್ತಿರುವ ಸಂಗೀತ, ಯಕ್ಷಗಾನದ ತರಗತಿಗೆ, ಗ್ರಂಥಾಲಯಕ್ಕೆ ಕಳಿಸಿ ಸುಮ್ಮನಿರುವುದು ಕೊನೆಯದು. ನಾಲ್ಕನ್ನೂ ಮಾಡಿ ನೋಡಿದ್ದೇವೆ. ಒಂದರಲ್ಲಿ ಕೈಯನ್ನೂ ಸುಟ್ಟುಕೊಂಡಿದ್ದೇವೆ.

ಪುರುಸೊತ್ತಿನ ಲೆಕ್ಕ

ಕೂಟಕ್ಕೆ ಸೇರುವ ಮುಂಚೆ ಎಲ್ಲ ತಾಯಂದಿರಿಗೂ ಇರುವ ಆಸೆ ಒಂದೇ: ವಾರಕ್ಕೆ ಮೂರು ಗಂಟೆಯಾದರೂ ನನಗೆ ಬಿಡುವು ಸಿಕ್ಕೀತು. ಇದು ಸುಳ್ಳು. ಹೇಗೆಂದು ಲೆಕ್ಕ ಹಾಕೋಣ.

ಆರು ಮನೆ, ವಾರಕ್ಕೆ ಒಂದು ದಿನ, ಮೂರು ಗಂಟೆ ಎಂದಿಟ್ಟುಕೊಳ್ಳಿ. ಆರು ವಾರಕ್ಕೊಮ್ಮೆ ನಿಮ್ಮ ಸರದಿ. ಆ ಆರು ವಾರದಲ್ಲಿ ನಿಮ್ಮ ಮಗುವಿಗೆ 18 ಗಂಟೆಯ ಪಾಠ ಸಿಗುತ್ತದೆ. ನೀವು ಕೊಡುವುದೆಷ್ಟು? ಪಾಠ ಮಾಡಲು 3 ಗಂಟೆ, ಅದಕ್ಕೆ ತಯಾರಾಗಲು ಕಡಿಮೆ ಅಂದರೂ 5 ಗಂಟೆ. ಇನ್ನೊಬ್ಬರು ಪಾಠ ಮಾಡುವಾಗ ಮಕ್ಕಳನ್ನು ಹತೋಟಿಯಲ್ಲಿಡಲು ಒಂದು ದಿನ ಜೊತೆಗಿರಬೇಕು, ಅದು 3. ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆಯಂತೆ ಆರು ದಿನಕ್ಕೆ 9. ಒಟ್ಟು 20. ಪಡೆದದ್ದು 18, ಕೊಟ್ಟದ್ದು 20! ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಇದ್ದು, ಕೂಟದ ಆರೂ ಮನೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿಯಾದರೆ ಆ 9 ಗಂಟೆ 2ಕ್ಕೆ ಇಳಿಯುತ್ತದೆ, ಲೆಕ್ಕವೇ ಬದಲಾಗುತ್ತದೆ. ಹೊಸನಗರದ ಕಡೆಯ ಒಂಟಿಮನೆಯವರು ಮಾತ್ರ ಪುರುಸೊತ್ತಿನ ಆಸೆ ಇಟ್ಟುಕೊಂಡು ಇದಕ್ಕೆ ಬರಬೇಡಿ.

ಹಾಗಾದರೆ ಏಕೆ ಬರಬೇಕು? ನಿಮ್ಮ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇರುತ್ತದೆ, ಅದಕ್ಕೆ. ಜೊತೆಗೆ, ಕೆಲವು ಸಂಗತಿಗಳನ್ನು ಇಬ್ಬರೇ ಮಕ್ಕಳಿಟ್ಟುಕೊಂಡು ಕಲಿಸಲು ಆಗುವುದಿಲ್ಲ. ನಾಟಕ, ಚರ್ಚೆ, ಕಬಡ್ಡಿ, ಹತ್ತು ಜನರೆದುರು ನಿಂತು ಎರಡು ಮಾತಾಡುವುದು, ತನ್ನ ಲೆಕ್ಕ ತಪ್ಪೆಂದು ಸಮವಯಸ್ಕರ ಬಾಯಲ್ಲಿ ಕೇಳಿ ಅಳದೇ ಇರುವುದು. ಕೊನೆಯದು ನಮ್ಮ ಚಿಕ್ಕವನಿಗೆ ಇನ್ನೂ ಪೂರ್ತಿ ಬಂದಿಲ್ಲ.

ಕೂಟದಲ್ಲಿ ಏನು ಚೆನ್ನಾಗಿ ನಡೆಯುತ್ತದೆ

ನಾವು ಕಂಡ ಅತ್ಯುತ್ತಮ ಪಾಠ ಒಬ್ಬರ ತೋಟದ ಮನೆಯ ಅಂಗಳದಲ್ಲಿ ನಡೆಯಿತು. ಆ ಮನೆಯ ಯಜಮಾನರು ಓದಿದ್ದು ಪಿಯುಸಿವರೆಗೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವುದನ್ನು ತೋರಿಸಿದರು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಬೇಕು, ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಆಗದು. ‘ಯಾಕೆ ಆಗದು?’ ಎಂದು ದೊಡ್ಡವಳು ಕೇಳಿದಳು. ಅವರು ಉತ್ತರ ಹೇಳಲಿಲ್ಲ, ಹಳೆಯ ಚಾಕುವೊಂದನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಎತ್ತಿದರು. ಅಲಗಿಗೆ ಕೆಂಪಗೆ ತಾಮ್ರ ಹತ್ತಿತ್ತು. ಬೆರೆಸಿದ ದ್ರಾವಣದಲ್ಲೂ ಸುಣ್ಣ ಸಾಲದಿದ್ದರೆ ಹೀಗಾಗುತ್ತದೆ, ಸಾಕಾಗಿದ್ದರೆ ಚಾಕು ಹಾಗೇ ಇರುತ್ತದೆ, ಇದು ಅವರ ಅಪ್ಪನ ಕಾಲದ ಪರೀಕ್ಷೆ. ತಾಮ್ರದ ಲವಣದಿಂದ ಕಬ್ಬಿಣ ತಾಮ್ರವನ್ನು ಹೊರದಬ್ಬುವ ಇದೇ ಕ್ರಿಯೆ ಹೈಸ್ಕೂಲ್ ವಿಜ್ಞಾನದ ಪುಸ್ತಕದಲ್ಲಿ ಸಮೀಕರಣವಾಗಿ ಕೂತಿದೆ. ಮಕ್ಕಳ ಕೈಗೆ ಮೈಲುತುತ್ತ ಕೊಡಲಿಲ್ಲ, ದೂರ ನಿಲ್ಲಿಸಿಯೇ ತೋರಿಸಿದ್ದು. ಎರಡು ಬ್ಯಾರೆಲ್‌ಗೆ ಎಷ್ಟು, ಅರ್ಧ ಎಕರೆಗೆ ಎಷ್ಟು ಎಂಬ ಲೆಕ್ಕವನ್ನು ಮಾತ್ರ ಮಕ್ಕಳೇ ಮಾಡಿದರು.

ಮಳೆಯ ಪಾಠವೂ ಅಂಥದ್ದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ ಎಂದರೆ ಮಗುವಿಗೆ ಏನೂ ಅನ್ನಿಸುವುದಿಲ್ಲ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು ಎಂದು ಹೇಳಿ, ಸಾವಿರ ಚದರಡಿಯ ಮಾಡಿನ ಮೇಲೆ ಒಂದೇ ದಿನ 100 ಮಿ.ಮೀ. ಬಿದ್ದರೆ ಎಷ್ಟು ನೀರಾಯಿತು ಕೇಳಿ. ಸುಮಾರು 9,290 ಲೀಟರ್. ‘ಅಷ್ಟೂ ನಮ್ಮ ಅಂಗಳಕ್ಕಾ!’ ಎಂದು ನಮ್ಮ ಮಕ್ಕಳು ಬಾಯಿ ಬಿಟ್ಟರು. ಕೂಟದ ಎಲ್ಲ ಮನೆಯಲ್ಲೂ ಮಳೆಮಾಪಕ ಇಟ್ಟು ಜೂನ್‌ನಿಂದ ದಿನವೂ ಬರೆದಿಟ್ಟದ್ದನ್ನು ಆಗಸ್ಟಿನಲ್ಲಿ ಎದುರಿಟ್ಟುಕೊಂಡು ಕೂತಾಗ, ಹತ್ತು ಮೈಲಿಯೊಳಗೇ ಎಷ್ಟು ವ್ಯತ್ಯಾಸ ಎಂದು ಜಗಳವೇ ಆಯಿತು. ಯಾರ ಮನೆಯ ಮಾಪಕದ ಮೇಲೆ ತೆಂಗಿನ ಗರಿ ಇತ್ತು ಎಂಬುದೂ ಆ ಜಗಳದಲ್ಲೇ ಹೊರಬಿತ್ತು. ಒಂದೇ ಮನೆಯಲ್ಲಿ ಕೂತು ಕಲಿಸಿದ್ದರೆ ಈ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು.

ತಿರುಗಾಟವೂ ಕೂಟಕ್ಕೇ ಸರಿ, ಒಂದು ಗಾಡಿ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ ಕದಂಬ ಮಯೂರಶರ್ಮನ ಕಥೆ ಹೇಳುವ ಕಂಬದ ಮುಂದೆ ನಿಂತು, ಅದನ್ನು ಬರೆದ ಕವಿ ಕುಬ್ಜನ ಹೆಸರನ್ನು ಮಕ್ಕಳ ಬಾಯಲ್ಲಿ ಹೇಳಿಸಿ. ಅಲ್ಲಿಂದ ಹಳೆಯ ದೇವಸ್ಥಾನಗಳ ಬಳ್ಳಿಗಾವೆ ಹತ್ತಿರ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ, ರಸ್ತೆ ಬದಿಯಿಂದಲೇ ಕಾಣುತ್ತದೆ. ಕಾಡಿನ ಒಳಗೆ ಹೋಗುವುದಾದರೆ ತಿಂಗಳು ನೋಡಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣ್ಣೆಯಿಂದ, ಅಂದರೆ ರಕ್ತ ಹೀರುವ ಉಣುಗಿನಿಂದ, ಹರಡುವ ಆ ಜ್ವರದ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ. ಆ ತಿಂಗಳುಗಳಲ್ಲಿ ದರಗಿನ (ಉದುರಿದ ಒಣ ಎಲೆಗಳ) ಮೇಲೆ ಮಕ್ಕಳನ್ನು ಕೂರಿಸುವುದು ಬೇಡ. ಹೋಗಲೇಬೇಕೆಂದಿದ್ದರೆ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಮಳೆಗಾಲದ ಉಂಬಳಕ್ಕೆ (ಜಿಗಣೆಗೆ) ಹೆದರುವ ಪೇಟೆಯ ತಾಯಂದಿರಿಗೆ ಒಂದು ಮಾತು: ಉಂಬಳ ಕಚ್ಚಿದರೆ ತುರಿಕೆ ಅಷ್ಟೇ, ಹೆದರಬೇಕಾದದ್ದು ಉಣ್ಣೆಗೆ.

ಓದು ಬರಹ ಕಲಿಯುವ ಹಂತದ ಮಕ್ಕಳಿಗೆ, ಭಾಗಾಕಾರದಲ್ಲಿ ಸಿಕ್ಕಿಬಿದ್ದವರಿಗೆ ಕೂಟದಿಂದ ಉಪಯೋಗ ಇಲ್ಲ. ವಾರಕ್ಕೊಮ್ಮೆ ಗಣಿತ ಕಲಿಸುವುದು ವಾರಕ್ಕೊಮ್ಮೆ ಗಿಡಕ್ಕೆ ನೀರು ಹಾಕಿದ ಹಾಗೆ. ಅದು ಮನೆಯಲ್ಲಿ, ದಿನವೂ ಅರ್ಧ ಗಂಟೆ, ಒಬ್ಬರ ಪಕ್ಕ ಒಬ್ಬರು ಕೂತೇ ಆಗಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಪಕ್ಕದ ಮನೆಯ ಮಕ್ಕಳೇ ಸಾಕು, ಕೂಟದ ಅವಸರ ಏನೂ ಇಲ್ಲ.

ನಮ್ಮ ಮೊದಲ ಕೂಟ ಮುರಿದದ್ದು

ಏಳು ಮನೆ, ಐದರಿಂದ ಹದಿನಾಲ್ಕರವರೆಗಿನ 14 ಮಕ್ಕಳು. ಜೂನ್‌ನಲ್ಲಿ ಶುರುವಾಯಿತು. ಮೊದಲ ವಾರ ಹೋಳಿಗೆ ಊಟವೂ ಆಯಿತು. ಆಗಸ್ಟಿನ ಹೊತ್ತಿಗೆ ಮಕ್ಕಳನ್ನು ಗೇಟಿನ ಹತ್ತಿರ ಇಳಿಸಿ ಬೈಕು ತಿರುಗಿಸಿಕೊಂಡು ಹೋಗುವ ಮನೆಗಳು ಯಾವುವು ಎಂದು ಎಲ್ಲರಿಗೂ ಗೊತ್ತಾಗಿತ್ತು, ಯಾರೂ ಬಾಯಿ ಬಿಡಲಿಲ್ಲ. ನಮ್ಮ ಕಡೆಯ ದಾಕ್ಷಿಣ್ಯ ನಿಮಗೆ ಗೊತ್ತಲ್ಲ. ಐದು ವರ್ಷದವರಿಗೆ ಕತೆ ಹೇಳಿದರೆ ಹದಿನಾಲ್ಕರವರು ಜಗಲಿಯ ಕಂಬಕ್ಕೆ ಒರಗಿ ಆಕಳಿಸುತ್ತಿದ್ದರು. ದೊಡ್ಡವರಿಗೆ ಭೂಪಟ ಹರಡಿದರೆ ಚಿಕ್ಕವರು ಅದರ ಮೇಲೇ ನಡೆಯುತ್ತಿದ್ದರು. ಅಡಿಕೆಯ ಕೊನೆ ಕೊಯ್ಲು ಶುರುವಾದದ್ದೇ ತಡ, ಎಲ್ಲರ ಮನೆಯಲ್ಲೂ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ದಾರಿ ಕಾಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ದೀಪಾವಳಿಯ ಹೊತ್ತಿಗೆ ಕೂಟ ಹೊತ್ತುಕೊಂಡವರು ನಾವು ಇಬ್ಬರೇ ತಾಯಂದಿರು. ನಂತರ ನಿಲ್ಲಿಸಿದೆವು. ನಿಲ್ಲಿಸಿದ ಮೇಲೂ ಎರಡು ಮನೆಗಳ ನಡುವೆ ಮಾತು ಬಿಟ್ಟದ್ದು ಬಿಟ್ಟದ್ದೇ.

ಎರಡನೇ ಸಲ ನಾಲ್ಕೇ ಮನೆ, ಎಂಟು ಮಕ್ಕಳು, ವಯಸ್ಸಿನ ಅಂತರ ಐದು ವರ್ಷ ಮೀರದಂತೆ. ಯಾರ ಸರದಿ ಯಾವ ದಿನ ಎಂದು ಮೊದಲೇ ಬರೆದು ನಾಲ್ಕೂ ಮನೆಯ ಗೋಡೆಗೆ ಅಂಟಿಸಿದೆವು. ಎರಡು ಸರದಿ ತಪ್ಪಿಸಿದವರು ಮುಂದಿನ ಕಂತಿಗೆ, ಅಂದರೆ ಮುಂದಿನ ಕೆಲವು ವಾರಗಳ ಪಾಠಕ್ಕೆ, ಇಲ್ಲ ಎಂದೂ ಬರೆದೆವು. ಬರೆಯುವಾಗ ಎಲ್ಲರಿಗೂ ಮುಜುಗರ. ಆದರೆ ಒಬ್ಬರೂ ತಪ್ಪಿಸಲಿಲ್ಲ.

ದುಡ್ಡು ಹಾಕಿ ಮೇಷ್ಟ್ರನ್ನು ಕರೆಸುವುದು

ಮುಯ್ಯಿ ತೀರಿಸಲು ಪುರುಸೊತ್ತಿಲ್ಲದ, ಕೈಯಲ್ಲಿ ಒಂದಿಷ್ಟು ದುಡ್ಡಿರುವ ಮನೆಗಳಿಗೆ ಇದು ಸರಿ. ಮಕ್ಕಳು 12 ದಾಟಿ ಗಣಿತ, ಇಂಗ್ಲಿಷ್ ವ್ಯಾಕರಣ ನಮ್ಮ ಕೈ ಮೀರಿದಾಗಂತೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಯಾರನ್ನು ಕರೆಯಬೇಕು ಎಂಬುದರಲ್ಲಿ ಒಂದು ಎಚ್ಚರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಕೆಲಸದಲ್ಲಿರುವ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಪರಿಚಯ ಇದೆ ಎಂದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ನಿವೃತ್ತ ಹೈಸ್ಕೂಲ್ ಮೇಷ್ಟ್ರುಗಳು ಸಾಗರ, ತೀರ್ಥಹಳ್ಳಿ, ಶಿವಮೊಗ್ಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಅನೇಕರಿಗೆ ಸಂಬಳಕ್ಕಿಂತ ಮಕ್ಕಳ ಗಲಾಟೆಯೇ ಬೇಕಾಗಿರುತ್ತದೆ.

ದುಡ್ಡಿನ ಮಾತು ಮೊದಲೇ ಆಡಿ. ಗಂಟೆಗೆ 500 ರೂಪಾಯಿ, ವಾರಕ್ಕೆ 2 ಗಂಟೆ ಎಂದಾದರೆ ತಿಂಗಳಿಗೆ 4,000. ಐದು ಮನೆಗೆ ಹಂಚಿದರೆ 800. ಎರಡು ಮನೆಯವರು ಬಿಟ್ಟುಹೋದರೆ ಉಳಿದ ಮೂವರ ತಲೆಗೆ 1,333. ಹೊರಟವರು ಆ ಕಂತು ಮುಗಿಯುವವರೆಗೆ ಕೊಡಬೇಕೋ ಬೇಡವೋ ಎಂಬುದನ್ನು ಅವರು ಹೊರಟ ಮೇಲೆ ತೀರ್ಮಾನಿಸಲು ಆಗುವುದಿಲ್ಲ. ಮೇಷ್ಟ್ರಿಗೆ ಏನು ಕಲಿಸಬೇಕೆಂದೂ ಖಚಿತವಾಗಿ ಹೇಳಿ. ‘ಸ್ವಲ್ಪ ಸೈನ್ಸ್ ನೋಡ್ಕೊಳಿ ಸರ್’ ಎಂದರೆ ಅವರು 30 ವರ್ಷ ಮಾಡಿದ್ದನ್ನೇ ಮಾಡುತ್ತಾರೆ: ನೋಟ್ಸ್ ಬರೆಸುತ್ತಾರೆ. ಹಾಗಾದರೆ ಮಕ್ಕಳನ್ನು ಶಾಲೆಗೇ ಕಳಿಸಬಹುದಿತ್ತಲ್ಲ!

ಕೂಟ ದೊಡ್ಡದಾಗುತ್ತಾ ವಾರಕ್ಕೆ ಐದು ದಿನ, ಬೆಳಿಗ್ಗೆಯಿಂದ ಸಂಜೆ, ಗುರುತಿಲ್ಲದವರಿಂದಲೂ ಶುಲ್ಕ ಎಂದಾದರೆ ಅದು ಹೆಸರಿಗೆ ಮಾತ್ರ ಕೂಟ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಅದೇ ಕಾಯ್ದೆಯಲ್ಲಿ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ವಾರಕ್ಕೆ ಒಂದೋ ಎರಡೋ ದಿನ, ಅರ್ಧ ದಿನ, ಪಾಲಕರೂ ಜೊತೆಗೆ. ಅಷ್ಟಕ್ಕೆ ನಿಲ್ಲಿಸಿ. ಮನೆಪಾಠ ಸಾಕು ಅನ್ನಿಸಿದ ದಿನ 6ರಿಂದ 14ರೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಶಾಲೆ ಸೇರಿಸಿಕೊಳ್ಳಬೇಕು ಎಂಬುದೂ ಆ ಕಾಯ್ದೆಯಲ್ಲೇ ಇದೆ, 4ನೇ ಕಲಂ. ಇದು ಗೊತ್ತಿದ್ದರೆ ಅಜ್ಜ-ಅಜ್ಜಿಯರ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಆನ್‌ಲೈನ್, ಮತ್ತು ಊರಲ್ಲೇ ಇರುವವು

ಆನ್‌ಲೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ನಡೆಯುತ್ತದೆ. ಘಟ್ಟದ ಕಡೆ ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಮೂರು ದಿನ, ಟವರಿನ ಬ್ಯಾಟರಿ ಸತ್ತರೆ ನೆಟ್‌ವರ್ಕ್ ಹುಡುಕಿಕೊಂಡು ಮಗು ಛತ್ರಿ ಹಿಡಿದು ಗುಡ್ಡ ಹತ್ತಬೇಕು. ನೇರ ತರಗತಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಡೌನ್‌ಲೋಡ್ ಮಾಡಿಟ್ಟು ನೋಡುವಂಥದ್ದು ಬೇಕಾದರೆ ಇರಲಿ. ರಾಜ್ಯದ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆದರೆ ಕನ್ನಡದಲ್ಲೇ ಪಾಠಗಳು ಸಿಗುತ್ತವೆ, ಪುಕ್ಕಟೆ.

ಊರಲ್ಲೇ ಇರುವುದನ್ನು ಮನೆಪಾಠದವರು ಮರೆಯುವುದೇ ಹೆಚ್ಚು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಚಿಕ್ಕವನು ಓದಲು ಕಲಿತದ್ದು ನನ್ನಿಂದ, ಓದುವ ಚಟ ಹತ್ತಿದ್ದು ಅಲ್ಲಿಂದ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಗೆಳೆಯರೊಡನೆ 1949ರಲ್ಲಿ ಶುರು ಮಾಡಿದ ನಾಟಕ ಸಂಸ್ಥೆ ನೀನಾಸಮ್ ಇದೆ, 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರವೂ ನಡೆಯುತ್ತಿದೆ. ನಾಟಕ ಇರುವ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಮರುದಿನ ಅದೇ ನಾಟಕದ ಒಂದು ದೃಶ್ಯವನ್ನು ಕೂಟದ ಮಕ್ಕಳೇ ಜಗಲಿಯಲ್ಲಿ ಆಡಲಿ. ಯಕ್ಷಗಾನ, ಸಂಗೀತದ ಗುರುಗಳ ಹತ್ತಿರ ಹೋದರೆ ಮಗುವಿಗೆ ಅಪ್ಪ-ಅಮ್ಮನಲ್ಲದ ಒಬ್ಬರ ಶಿಸ್ತು ಸಿಗುತ್ತದೆ. ಮನೆಯಲ್ಲೇ ಕಲಿಯುವವರಿಗೆ ಅದು ನಾಲ್ಕು ಪಾಠಕ್ಕಿಂತ ಹೆಚ್ಚು. ಖರ್ಚು, ತಿರುಗಾಟ, ಮನಸ್ತಾಪ ಎಲ್ಲವನ್ನೂ ತೂಗಿದರೆ ಮೊದಲ ವರ್ಷದ ಮನೆಪಾಠದವರಿಗೆ ನಾನು ಹೇಳುವುದು ಇದನ್ನೇ. ಕೂಟ ಎರಡನೇ ವರ್ಷಕ್ಕಿರಲಿ. ಅಷ್ಟರಲ್ಲಿ ನಿಮ್ಮ ಮಗುವಿಗೆ ಏನು ಕೊರತೆ ಎಂದು ನಿಮಗೇ ಗೊತ್ತಾಗಿರುತ್ತದೆ.

ಪರೀಕ್ಷೆ ಹತ್ತಿರ ಬಂದಾಗ

ನಮ್ಮ ದೊಡ್ಡವಳಿಗೆ ಈಗ ಇದೇ ಯೋಚನೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್, 14 ತುಂಬಿದವರನ್ನು ಹತ್ತನೇ ತರಗತಿಗೆ ಸಮನಾದ ಸೆಕೆಂಡರಿಗೆ ಸೇರಿಸಿಕೊಳ್ಳುತ್ತದೆ. ಪ್ರಮಾಣಪತ್ರಕ್ಕೆ ಐದು ವಿಷಯ ಪಾಸಾಗಬೇಕು, ನೋಂದಣಿ ಐದು ವರ್ಷ ಊರ್ಜಿತ. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ತೋಟದ ಮನೆಯವರು ಎರಡನೆಯದನ್ನು ಬಿಡುವುದು ವಾಸಿ, ಅಡಿಕೆ ಸುಲಿಯುವ ಮನೆಯಲ್ಲಿ ಪರೀಕ್ಷೆಗೆ ಓದುವುದು ಸಾಧ್ಯವಿಲ್ಲದ ಮಾತು. ಈ ಹಂತದಲ್ಲಿ ಮುಯ್ಯಾಳು ಕೂಟವನ್ನು ಪರೀಕ್ಷೆಯ ತಯಾರಿಗೆ ತಿರುಗಿಸಲು ಹೋಗಬೇಡಿ, ಒಬ್ಬೊಬ್ಬರ ವಿಷಯ ಒಂದೊಂದು ಇರುತ್ತದೆ. ಗಣಿತ, ವಿಜ್ಞಾನಕ್ಕೆ ಮೇಷ್ಟ್ರು, ಉಳಿದದ್ದಕ್ಕೆ ಸ್ವಂತ ಓದು. ಕೂಟ ನಾಟಕಕ್ಕೆ, ತಿರುಗಾಟಕ್ಕೆ, ಚರ್ಚೆಗೆ ಉಳಿಯಲಿ. ನಮ್ಮವಳು ಎರಡನ್ನೂ ಇಟ್ಟುಕೊಂಡಿದ್ದಾಳೆ: ಬುಧವಾರ ಮೇಷ್ಟ್ರು, ಶನಿವಾರ ಕೂಟ.

ಕೂಟ ಮಾಡುವುದೆಂದೇ ತೀರ್ಮಾನವಾದರೆ ವರ್ಷದ ಲೆಕ್ಕಕ್ಕೆ ಶಾಲೆಯ ಕ್ಯಾಲೆಂಡರ್ ಹಿಡಿಯಬೇಡಿ, ತೋಟದ್ದನ್ನು ಹಿಡಿಯಿರಿ. ಜೂನ್, ಜುಲೈಯಲ್ಲಿ ಹಳ್ಳ ತುಂಬಿ ಕಾಲುಸಂಕ ದಾಟುವ ಹಾಗಿರುವುದಿಲ್ಲ. ಆಗ ಮಳೆಮಾಪಕದಂಥ ಮನೆಯಲ್ಲೇ ಮಾಡುವ ಕೆಲಸ ಕೊಡಿ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ಕಂತು, ಆರು ವಾರ. ಕೊಯ್ಲು ಮುಗಿಯುವವರೆಗೆ ರಜೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಕಂತು, ಅದು ಅಂಗಳ, ಜಗಲಿ, ಪೇಟೆ, ಹಳೆಯ ದೇವಸ್ಥಾನಗಳಲ್ಲಿ; ಕಾಡಿನಲ್ಲಿ ಅಲ್ಲ. ಮೊದಲ ಕಂತಿಗೆ ಹೋಳಿಗೆ ಬೇಡ, ಅವಲಕ್ಕಿ ಮಜ್ಜಿಗೆ ಸಾಕು. ಹೋಳಿಗೆ ಮಾಡಿದ ಮನೆಯವರ ಮುಂದೆ ಸರದಿ ತಪ್ಪಿಸಿದ್ದನ್ನು ಎತ್ತಿ ಆಡಲು ಯಾರಿಗೂ ಬಾಯಿ ಬರುವುದಿಲ್ಲ.